ಸಹಾಯ ಬೇಕು: ನಮ್ಮ ಫ್ಲ್ಯಾಟಿಗೆ ಕಾಕಟೀಲ್ ತರಬಹುದಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಎರಡು ರೂಮಿನ ಫ್ಲ್ಯಾಟ್ ನಮ್ಮದು. ಮಗಳಿಗೆ ಗಿಣಿ ಸಾಕುವ ಆಸೆ. ನಮ್ಮ ಹಸಿರು ಗಿಣಿಯನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ತಪ್ಪು, ಹಾಗಾಗಿ ಅದು ಬೇಡ. ಕಾಕಟೀಲ್ ಎಂಬ ಜುಟ್ಟಿನ ಸಣ್ಣ ವಿದೇಶಿ ಗಿಣಿಯನ್ನು ನೋಡುತ್ತಿದ್ದೇವೆ.

ದೊಡ್ಡ ಚಿಂತೆ ಅತ್ತೆಯವರ ಉಬ್ಬಸ. ಕಾಕಟೀಲ್ ರೆಕ್ಕೆಪುಕ್ಕದಿಂದ ಬಿಳಿ ಪುಡಿ ಜಾಸ್ತಿ ಉದುರುತ್ತದೆ. ಮನೆಯಲ್ಲಿ ಉಬ್ಬಸ ಇರುವವರನ್ನು ಇಟ್ಟುಕೊಂಡು ಯಾರಾದರೂ ಸಾಕಿದ್ದೀರಾ? ಪಂಜರ ಬಾಲ್ಕನಿ ಪಕ್ಕದ ರೂಮಿನಲ್ಲಿಟ್ಟು, ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕಾಗುತ್ತದಾ? ಡಾಕ್ಟರನ್ನು ಕೇಳದೆ ಖಂಡಿತ ತರುವುದಿಲ್ಲ, ಆದರೂ ಸಾಕಿದವರ ಅನುಭವ ಬೇಕು.

ಇನ್ನೊಂದು, ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಹಗಲೆಲ್ಲ ಅತ್ತೆ ಒಬ್ಬರೇ. ಜೊತೆ ಬಯಸುವ ಹಕ್ಕಿ ಅದು, ಸುಮ್ನೆ ಪಂಜರದಲ್ಲಿ ಕೂರಿಸುವುದು ಪಾಪ ಅಲ್ವಾ? ಒಂಟಿ ಹಕ್ಕಿಗಿಂತ ಜೋಡಿ ಒಳ್ಳೆಯದಾ?

ನಾನ್‌ಸ್ಟಿಕ್ ತವಾ ಅತಿಯಾಗಿ ಕಾದರೆ ಬರುವ ಹೊಗೆಗೆ ಹಕ್ಕಿ ಸಾಯುತ್ತದೆ, ಅದಕ್ಕೆ ಕಬ್ಬಿಣದ ಕಾವಲಿಗೆ ಬದಲಾಯಿಸುತ್ತೇವೆ. ಹೊರಗೆ ಬಿಟ್ಟಾಗ ಫ್ಯಾನ್ ಆಫ್. ದೀಪಾವಳಿ ಪಟಾಕಿಗೆ ಏನು ಮಾಡುತ್ತೀರಿ?

ಹದಿನೈದು-ಇಪ್ಪತ್ತು ವರ್ಷ ಬದುಕುವ ಜೀವ. ನಮ್ಮ ಮನೆಗೆ ಹೊಂದುವುದಿಲ್ಲ ಎನಿಸಿದರೆ ದಯವಿಟ್ಟು ನೇರವಾಗಿ ಹೇಳಿ. ಜೆ.ಪಿ. ನಗರದ ಹತ್ತಿರ ಹಕ್ಕಿಗಳನ್ನು ನೋಡುವ ಡಾಕ್ಟರ್ ಗೊತ್ತಿದ್ದರೂ ತಿಳಿಸಿ.