"ಕನೆಕ್ಷನ್ ರೆಫ್ಯೂಸ್ಡ್" ಅಂದರೆ "ನಿರಾಕರಿಸಲಾಗಿದೆ" ಎನ್ನುವುದು ಸರಿಯೇ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುವ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಲ್ಯಾಬ್ ಕೈಪಿಡಿ ಬರೆಯುತ್ತಿದ್ದೇನೆ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ಉಬುಂಟು (ಲಿನಕ್ಸ್) ಹಾಕಿ, ಅದರೊಳಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇನ್‌ಸ್ಟಾಲ್ ಮಾಡಿ, ಹೊರಗಿನ ವಿಂಡೋಸ್‌ನಿಂದ ಅದಕ್ಕೆ ಕನೆಕ್ಟ್ ಆಗಬೇಕು. ಇನ್‌ಸ್ಟಾಲ್‌ಗೆ "ಅನುಸ್ಥಾಪನೆ" ಬೇಕಾ ಅನ್ನುವುದು ನನ್ನ ಪ್ರಶ್ನೆಯಲ್ಲ. ಮಕ್ಕಳು ಇನ್‌ಸ್ಟಾಲ್ ಅಂತಲೇ ಅನ್ನುತ್ತಾರೆ, ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ತೊಡಕಿರುವುದು ಎರಡು ಎರರ್‌ಗಳಲ್ಲಿ: "ಕನೆಕ್ಷನ್ ಟೈಮ್ಡ್ ಔಟ್" ಮತ್ತು "ಕನೆಕ್ಷನ್ ರೆಫ್ಯೂಸ್ಡ್".

ಲ್ಯಾಬಿನಲ್ಲಿ ಎರಡಕ್ಕೂ ಒಂದೇ ಮಾತು, "ಕನೆಕ್ಟ್ ಆಗ್ತಿಲ್ಲ". ಕನ್ನಡಕ್ಕೆ ತಂದರೆ ಎರಡನೆಯದು "ಸಂಪರ್ಕವನ್ನು ನಿರಾಕರಿಸಲಾಗಿದೆ" ಎಂದಾಗುತ್ತದೆ. ಇದನ್ನು ಓದಿದ ಹುಡುಗ ಏನು ಮಾಡುತ್ತಾನೆ? ಪಾಸ್‌ವರ್ಡ್ ತಪ್ಪಿರಬೇಕು ಅಂದುಕೊಂಡು ಅದನ್ನೇ ಬದಲಾಯಿಸುತ್ತಾ ಕೂರುತ್ತಾನೆ. ಆದರೆ ಪಾಸ್‌ವರ್ಡಿನ ಮಾತು ಇನ್ನೂ ಶುರುವೇ ಆಗಿರುವುದಿಲ್ಲ.

ನಡೆಯುವುದು ಹೀಗೆ. ವರ್ಚುವಲ್‌ಬಾಕ್ಸ್ ಮೊದಲು ಕೊಡುವುದು ನ್ಯಾಟ್, ಅಂದರೆ ಉಬುಂಟುವನ್ನು ವಿಂಡೋಸ್‌ನ ಹಿಂದೆ ಮರೆಯಲ್ಲಿಡುವ ನೆಟ್‌ವರ್ಕ್ ವಿಧಾನ. ಉಬುಂಟುವಿಗೆ ಸಾಮಾನ್ಯವಾಗಿ 10.0.2.15 ಅನ್ನುವ ವಿಳಾಸ ಸಿಗುತ್ತದೆ. ವಿಂಡೋಸ್‌ನಿಂದ ಆ ವಿಳಾಸಕ್ಕೆ ನೇರ ದಾರಿಯಿಲ್ಲ. ಎಷ್ಟು ಕಾದರೂ ಉತ್ತರ ಬಾರದೆ "ಟೈಮ್ಡ್ ಔಟ್" ಆಗುತ್ತದೆ. ಪೋಸ್ಟ್‌ಗ್ರೆಸ್ ಬಳಸುವ 5432ನೇ ಪೋರ್ಟನ್ನು (ಯಂತ್ರದಲ್ಲಿ ಅದರ ಬಾಗಿಲಿನ ಸಂಖ್ಯೆ) ವಿಂಡೋಸ್‌ನಿಂದ ಉಬುಂಟುವಿಗೆ ಫಾರ್ವರ್ಡ್ ಮಾಡಬೇಕು, ಇಲ್ಲವೇ ಉಬುಂಟುವಿಗೆ ಹೊರಗಿನ ನೆಟ್‌ವರ್ಕಿನ ವಿಳಾಸವನ್ನೇ ಕೊಡಿಸುವ ಬ್ರಿಡ್ಜ್‌ಗೆ ಬದಲಾಯಿಸಬೇಕು. ಬ್ರಿಡ್ಜ್ ಮಾಡಿದ ಮೇಲೆ "ರೆಫ್ಯೂಸ್ಡ್" ಬಂದರೆ ಅದು ಒಳ್ಳೆಯ ಸುದ್ದಿ! ಯಂತ್ರದವರೆಗೆ ತಲುಪಿದ್ದೇವೆ. ಆ ಪೋರ್ಟಿನಲ್ಲಿ ಯಾರೂ ಇಲ್ಲ ಎಂದು ಉಬುಂಟುವೇ ಹೇಳಿ ಕಳಿಸಿದೆ, ಪೋಸ್ಟ್‌ಗ್ರೆಸ್‌ಗೆ ವಿಷಯವೇ ಗೊತ್ತಿಲ್ಲ. ಅದು ಮೊದಲಿಂದಲೂ ಲೋಕಲ್‌ಹೋಸ್ಟ್ ಕಡೆಗೆ, ಅಂದರೆ ಅದೇ ಯಂತ್ರದ ಒಳಗಿಂದ ಬರುವ ಕರೆಗೆ ಮಾತ್ರ ಕಿವಿ ಕೊಟ್ಟು ಕೂತಿರುತ್ತದೆ. ಕಾನ್ಫಿಗ್ ಫೈಲಿನಲ್ಲಿ "ಲಿಸನ್ ಅಡ್ರೆಸಸ್" ಸಾಲನ್ನು ತಿದ್ದಿ ರೀಸ್ಟಾರ್ಟ್ ಮಾಡಬೇಕು. ಸುಮ್ನೆ ರೀಲೋಡ್ ಮಾಡಿದರೆ ಸಾಲದು.

ಇಷ್ಟಾದ ಮೇಲೆ "ನೋ ಪಿಜಿ ಎಚ್‌ಬಿಎ ಎಂಟ್ರಿ" ಎಂಬ ಮೂರನೆಯ ಎರರ್ ಬರಬಹುದು. ಯಾರನ್ನು ಒಳಗೆ ಬಿಡಬೇಕು ಎಂದು ಪೋಸ್ಟ್‌ಗ್ರೆಸ್ ನೋಡುವ ಪಟ್ಟಿಯಲ್ಲಿ ನಾವಿಲ್ಲ ಎಂದು ಇದರ ಅರ್ಥ. ಇಲ್ಲಿ ಪೋಸ್ಟ್‌ಗ್ರೆಸ್ ನಮ್ಮನ್ನು ನೋಡಿ, ಬೇಡ ಅಂದಿದೆ. ನನ್ನ ಪ್ರಕಾರ "ನಿರಾಕರಣೆ" ಅನ್ನುವ ಪದ ಸಲ್ಲಬೇಕಾದದ್ದು ಇದಕ್ಕೆ.

ಹಾಗಾದರೆ ಮೊದಲಿನ ಎರಡಕ್ಕೆ? ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಒಂಟಿಮನೆಗಳು ಜಾಸ್ತಿ. ಉಣುಗೋಲಿನ (ಗಳ ಅಡ್ಡ ಹಾಕಿದ ಬೇಲಿಬಾಗಿಲು) ಹತ್ತಿರ ನಿಂತು ಕೂಗಿದರೆ ಒಮ್ಮೊಮ್ಮೆ ಯಾರೂ ಓಗೊಡುವುದಿಲ್ಲ. ಒಮ್ಮೊಮ್ಮೆ ಒಳಗಿಂದ "ಓ, ಅವರು ತೋಟಕ್ಕೆ ಹೋಗಿದಾರೆ" ಅನ್ನುವ ಉತ್ತರ ಬರುತ್ತದೆ. ಟೈಮ್ಡ್ ಔಟ್‌ಗೂ ರೆಫ್ಯೂಸ್ಡ್‌ಗೂ ಇರುವ ವ್ಯತ್ಯಾಸ ಇದೇ ಅಲ್ವಾ? ಅದಕ್ಕೇ ಮೊದಲನೆಯದನ್ನು "ಯಂತ್ರ ಓಗೊಡಲಿಲ್ಲ" ಎಂದು ಬರೆದಿದ್ದೇನೆ. "ಲಿಸನ್"ಗೆ "ಕಿವಿಗೊಡು" ಇಟ್ಟುಕೊಂಡೆ. ಓಗೊಡು, ಕಿವಿಗೊಡು, ಎರಡರಲ್ಲೂ "ಕೊಡು" ಆದೇಶಸಂಧಿಯಲ್ಲಿ "ಗೊಡು" ಆಗಿದೆ, ಒಟ್ಟಿಗೆ ನೆನಪಿಡಲು ಸುಲಭ. ರೆಫ್ಯೂಸ್ಡ್‌ಗೆ "ಪೋರ್ಟಿನಲ್ಲಿ ಕಿವಿಗೊಟ್ಟವರಿಲ್ಲ" ಅಂತ ಬರೆದೆ. ಅರ್ಥ ಸರಿಯಿದೆ, ಆದರೆ ಎರರ್ ಸಂದೇಶಕ್ಕೆ ಉದ್ದವಾಯಿತು. ಇದಕ್ಕಿಂತ ಚಿಕ್ಕದು ಹೊಳೆದರೆ ಹೇಳಿ.

ಇನ್ನೊಂದು ವಿಷಯ. ಗೆಸ್ಟ್‌ಗೆ (ಇಲ್ಲಿ ಉಬುಂಟು) "ಅತಿಥಿ", ಹೋಸ್ಟ್‌ಗೆ (ವಿಂಡೋಸ್) "ಆತಿಥೇಯ" ಅನ್ನುವುದನ್ನು ಕೈಬಿಟ್ಟು "ಒಳಯಂತ್ರ", "ಹೊರಯಂತ್ರ" ಎಂದು ಬಳಸಿದ್ದೇನೆ. ಪಾಠ ಮಾಡುವಾಗ ಅತಿಥಿ, ಆತಿಥೇಯ ಕಿವಿಗೆ ಒಂದೇ ಥರ ಕೇಳುತ್ತವೆ, ಫೈರ್‌ವಾಲ್ ತಿದ್ದಬೇಕಾದ್ದು ಯಾವ ಕಡೆ ಅನ್ನುವುದೇ ಮಕ್ಕಳಿಗೆ ತಿಳಿಯುವುದಿಲ್ಲ.

ಕೊನೆಯದಾಗಿ, ಧಾರವಾಡ, ಕಲಬುರಗಿ, ಚಾಮರಾಜನಗರದ ಕಡೆಯವರು ಹೇಳಬೇಕು: ನಿಮ್ಮಲ್ಲಿ "ಓಗೊಡು" ಮಾತಿನಲ್ಲಿ ಇನ್ನೂ ಇದೆಯಾ, ಅಥವಾ ಕರೆದಾಗ ಉತ್ತರಿಸುವುದಕ್ಕೆ ಬೇರೆ ಮಾತಿದೆಯಾ?