ಪ್ರಶ್ನೋತ್ತರ: ನಾಲ್ಕೈದು ಗಂಟೆ ಓಡಿ ಸುಮ್ಮನಾಗುವ ರೇಡಿಯೋ ಡ್ರೈವರ್

ಪ್ರಶ್ನೆ: ಸರ್, ಎನ್‌ಆರ್‌ಎಫ್24ಎಲ್01+ ಎಂಬ ರೇಡಿಯೋ ಚಿಪ್‌ಗೆ ನಾನೇ ಡ್ರೈವರ್ (ಚಿಪ್ ನಡೆಸುವ ಪ್ರೋಗ್ರಾಂ) ಬರೆದಿದ್ದೇನೆ. ನಾಲ್ಕು ಸೆನ್ಸರ್ ನೋಡ್‌ಗಳು ರಿಸೀವರ್‌ನ ಪೈಪ್ 1ಕ್ಕೆ (ಅದರ ಒಂದು ವಿಳಾಸಕ್ಕೆ) ರೀಡಿಂಗ್ ಕಳಿಸುತ್ತವೆ. ರಿಸೀವರ್ ಅದನ್ನು ಫ್ಲ್ಯಾಶ್ ಚಿಪ್‌ಗೆ ಬರೆಯುತ್ತದೆ. ರೇಡಿಯೋ, ಫ್ಲ್ಯಾಶ್ ಎರಡೂ ಒಂದೇ ಎಸ್‌ಪಿಐ ಬಸ್ (ಚಿಪ್‌ಗಳ ಜೊತೆ ಡೇಟಾ ಸಾಗಿಸುವ ತಂತಿಗಳು) ಮೇಲಿವೆ. ನಾಲ್ಕೈದು ಗಂಟೆ ಚೆನ್ನಾಗಿ ಓಡುತ್ತದೆ, ಆಮೇಲೆ ಒಂದು ಪ್ಯಾಕೆಟ್ಟೂ ಬರುವುದಿಲ್ಲ. ಪವರ್ ತೆಗೆದು ಹಾಕಿದರೆ ಮತ್ತೆ ಸರಿ. ಇಂಟರಪ್ಟ್ (ಚಿಪ್ ಕೊಡುವ ಸೂಚನೆ) ಬಂದಾಗ ಒಂದು ಪೇಲೋಡ್ (ಪ್ಯಾಕೆಟ್‌ನೊಳಗಿನ ಡೇಟಾ) ಓದಿ ಆರ್‌ಎಕ್ಸ್-ಡಿಆರ್ ಫ್ಲ್ಯಾಗ್ (ಹೊಸ ಪ್ಯಾಕೆಟ್ ಬಂದಿದೆ ಅನ್ನುವ ಬಿಟ್) ಕ್ಲಿಯರ್ ಮಾಡುತ್ತೇನೆ, ಅಷ್ಟೇ. ಚಿಪ್ ನಕಲಿ ಇರಬಹುದಾ?

ಉತ್ತರ: ಚಿಪ್ ಮೇಲೆ ಆಮೇಲೆ ಅನುಮಾನ ಪಡೋಣ. ಮುಂದಿನ ಸಲ ನಿಂತಾಗ ಪವರ್ ತೆಗೆಯಬೇಡಿ, ಸಾಕ್ಷಿಯೆಲ್ಲ ಅಳಿಸಿಹೋಗುತ್ತದೆ. ಹಾಗೇ ಬಿಟ್ಟು ಕಾನ್ಫಿಗ್, ಸ್ಟೇಟಸ್, ಫೈಫೋ-ಸ್ಟೇಟಸ್ (ಫೈಫೋ ಅಂದರೆ ಪ್ಯಾಕೆಟ್‌ಗಳು ಕಾಯುವ ಸಾಲು) ಈ ಮೂರು ರಿಜಿಸ್ಟರ್, ಅಂದರೆ ಚಿಪ್ ತನ್ನ ಸ್ಥಿತಿ ಇಡುವ ಜಾಗಗಳನ್ನು, ಓದಿ ಇಲ್ಲಿ ಹಾಕಿ. ನಿಲ್ಲುವ ಮೊದಲು ಡೇಟಾದಲ್ಲಿ ಏನಾದರೂ ವಿಚಿತ್ರ ಕಂಡಿತ್ತಾ?

ಇನ್ನೊಬ್ಬ ಸದಸ್ಯರು: ಇದು ಪವರ್ ಸಮಸ್ಯೆನೇ. ವಿಸಿಸಿ (ಪವರ್ ಪಿನ್), ಗ್ರೌಂಡ್ ಮಧ್ಯೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ ಮೇಲೆ ನನ್ನದು ಸರಿಹೋಯಿತು.

ಉತ್ತರ: ಕೆಪಾಸಿಟರ್ ಹಾಕಲಿ, ಒಳ್ಳೆಯದೇ. ಆದರೆ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗಿದ್ದರೆ ಕಾನ್ಫಿಗ್ ರಿಜಿಸ್ಟರ್ ಹೆಕ್ಸ್ (16ರ ಆಧಾರದ ಸಂಖ್ಯೆ) 08ಕ್ಕೆ ಮರಳಿರುತ್ತದೆ. ಓದಿದರೆ ಗೊತ್ತಾಗುತ್ತದೆ, ಊಹೆ ಯಾಕೆ? ಎಲ್ಲವೂ 00 ಅಥವಾ ಎಫ್‌ಎಫ್ ಬಂದರೆ ಮಾತ್ರ ಎಸ್‌ಪಿಐ ಕಡೆ ನೋಡಬೇಕು.

ಪ್ರಶ್ನೆ ಕೇಳಿದವರು: ಇವತ್ತು ಸಿಕ್ಕಿತು ಸರ್. ಹೆಕ್ಸ್‌ನಲ್ಲಿ ಕಾನ್ಫಿಗ್ 0ಎಫ್, ಸ್ಟೇಟಸ್ 02, ಫೈಫೋ-ಸ್ಟೇಟಸ್ 12. ಐಆರ್‌ಕ್ಯೂ (ಇಂಟರಪ್ಟ್) ಪಿನ್ ಹೈ, ಅಂದರೆ ಇಂಟರಪ್ಟ್ ಇಲ್ಲ. ಹೌದು, ನಿಲ್ಲುವುದಕ್ಕೆ ಮೊದಲು ರೀಡಿಂಗ್‌ಗಳು ಒಂದು ಪ್ಯಾಕೆಟ್‌ನಷ್ಟು ಹಳೆಯದಾಗಿ ಬರುತ್ತಿದ್ದವು. ನೋಡ್‌ನ ಗಡಿಯಾರ ತಪ್ಪಿರಬೇಕು ಅಂದುಕೊಂಡು ಬಿಟ್ಟುಬಿಟ್ಟೆ.

ಉತ್ತರ: ಆ ಹಳೇ ರೀಡಿಂಗ್‌ನಲ್ಲೇ ಉತ್ತರ ಇದೆ. ಕಾನ್ಫಿಗ್ 0ಎಫ್ ಅಂದರೆ ಚಿಪ್ ರೀಸೆಟ್ ಆಗಿಲ್ಲ, ರಿಸೀವ್ ಮೋಡ್‌ನಲ್ಲೇ ಇದೆ. ಫೈಫೋ-ಸ್ಟೇಟಸ್ 12 ಅಂದರೆ ಆರ್‌ಎಕ್ಸ್ ಫೈಫೋ (ಬಂದ ಪ್ಯಾಕೆಟ್‌ಗಳ ಸಾಲು) ತುಂಬಿದೆ. ಆದರೆ ಸ್ಟೇಟಸ್‌ನಲ್ಲಿ ಆರ್‌ಎಕ್ಸ್-ಡಿಆರ್ ಬಿಟ್ ಸೊನ್ನೆ!

ಆಗಿದ್ದು ಇಷ್ಟು. ನೀವು ಪೇಲೋಡ್ ಓದಿದ ಮೇಲೆ, ಫ್ಲ್ಯಾಗ್ ಕ್ಲಿಯರ್ ಮಾಡುವ ಮೊದಲು ಇನ್ನೊಂದು ಪ್ಯಾಕೆಟ್ ಬಂತು. ನಿಮ್ಮ ಕ್ಲಿಯರ್ ಅದರ ಸುದ್ದಿಯನ್ನೂ ಅಳಿಸಿತು. ಆ ಪ್ಯಾಕೆಟ್ ಫೈಫೋದಲ್ಲೇ ಉಳಿಯಿತು. ಅಲ್ಲಿಂದ ಪ್ರತಿ ಇಂಟರಪ್ಟ್‌ಗೂ ನಿಮಗೆ ಸಿಗುವುದು ಹಿಂದಿನ ಪ್ಯಾಕೆಟ್. ಹೀಗೇ ಇನ್ನೊಮ್ಮೆ ಆದರೆ ಎರಡು ಬಾಕಿ. ಫೈಫೋದಲ್ಲಿ ಜಾಗ ಇರುವುದೇ ಮೂರಕ್ಕೆ. ಮೂರನೇ ಸಲ ಆದಾಗ ಅದು ತುಂಬಿತು. ತುಂಬಿದ ಮೇಲೆ ಬರುವ ಪ್ಯಾಕೆಟ್‌ಗಳನ್ನು ಚಿಪ್ ಎಸೆಯುತ್ತದೆ, ಆದ್ದರಿಂದ ಹೊಸ ಇಂಟರಪ್ಟ್ ಇಲ್ಲ. ಇಂಟರಪ್ಟ್ ಇಲ್ಲದೆ ನೀವು ಓದುವುದಿಲ್ಲ. ಇಬ್ಬರೂ ಕಾಯುತ್ತಾ ಕೂತಿದ್ದೀರಿ, ಅಲ್ವಾ?

ಡೇಟಾಶೀಟ್‌ನಲ್ಲೇ ಇದರ ಕ್ರಮ ಇದೆ, ಅಡಿಟಿಪ್ಪಣಿಯಂತೆ ಸಣ್ಣದಾಗಿ: ಪೇಲೋಡ್ ಓದಿ, ಫ್ಲ್ಯಾಗ್ ಕ್ಲಿಯರ್ ಮಾಡಿ, ಫೈಫೋ-ಸ್ಟೇಟಸ್ ನೋಡಿ, ಇನ್ನೂ ಇದ್ದರೆ ಮತ್ತೆ ಮೊದಲಿಂದ. ಕೊನೆಯ ಫೈಫೋ ತಪಾಸಣೆ ಕ್ಲಿಯರ್ ಆದ ನಂತರವೇ ಆಗಬೇಕು.

ಪ್ರಶ್ನೆ ಕೇಳಿದವರು: ಈ ಲೂಪನ್ನು ಇಂಟರಪ್ಟ್ ಹ್ಯಾಂಡ್ಲರ್ ಒಳಗೇ ಹಾಕಲಾ?

ಉತ್ತರ: ಬೇಡ. ಫ್ಲ್ಯಾಶ್‌ಗೆ ಅರ್ಧ ಬರೆದಿರುವಾಗ ಇಂಟರಪ್ಟ್ ಬಂದರೆ ಎರಡೂ ಚಿಪ್ ಸೆಲೆಕ್ಟ್ (ಬಸ್ ಮೇಲೆ ಯಾವ ಚಿಪ್ ಅಂತ ಆರಿಸುವ ತಂತಿ) ಒಟ್ಟಿಗೆ ಲೋ ಆಗುತ್ತವೆ, ಅಂದರೆ ಎರಡೂ ಚಿಪ್ ಒಟ್ಟಿಗೆ ಆಯ್ಕೆಯಾಗುತ್ತವೆ. ಅದು ಇದಕ್ಕಿಂತ ಜಾಸ್ತಿ ತಲೆನೋವು. ಹ್ಯಾಂಡ್ಲರ್‌ನಲ್ಲಿ ಒಂದು ವೇರಿಯಬಲ್ ಸೆಟ್ ಮಾಡಿ ಹೊರಬನ್ನಿ. ಎಸ್‌ಪಿಐ ಕೆಲಸವೆಲ್ಲ ಮೇನ್ ಲೂಪ್‌ನಲ್ಲಿರಲಿ. ಆ ವೇರಿಯಬಲ್ಲನ್ನು ಫೈಫೋ ಖಾಲಿ ಮಾಡುವ ಮೊದಲೇ ಸೊನ್ನೆ ಮಾಡಿ. ಕೊನೆಯಲ್ಲಿ ಮಾಡಿದರೆ ಇದೇ ತಪ್ಪನ್ನು ಸಾಫ್ಟ್‌ವೇರ್‌ನಲ್ಲಿ ಮತ್ತೆ ಮಾಡಿದಂತೆ.

ಇನ್ನೊಬ್ಬ ಸದಸ್ಯರು: ಸುಮ್ನೆ ಗಂಟೆಗೊಮ್ಮೆ ರೇಡಿಯೋ ರೀಸೆಟ್ ಮಾಡಿದರೆ ಆಗಲ್ವಾ?

ಉತ್ತರ: ಓಡುತ್ತದೆ, ಆದರೆ ಹಳೇ ರೀಡಿಂಗ್ ಹಾಗೇ ಬರುತ್ತಿರುತ್ತದೆ. ನೋಡ್‌ಗಳು ಆಗಾಗ ಕಳಿಸಿದರೆ ಗಂಟೆ ತುಂಬುವ ಮೊದಲೇ ನಿಲ್ಲುತ್ತದೆ. ಅದರ ಬದಲು ಹಳೇ ಕೋಡ್‌ನಲ್ಲಿ ಓದುವುದಕ್ಕೂ ಕ್ಲಿಯರ್‌ಗೂ ಮಧ್ಯೆ ಬೇಕೆಂದೇ 20 ಮಿಲಿಸೆಕೆಂಡ್ ಡಿಲೇ ಹಾಕಿ, ನೋಡ್‌ಗಳಿಂದ ವೇಗವಾಗಿ ಕಳಿಸಿ. ಗಂಟೆಗಟ್ಟಲೆ ಕಾಯುವ ಕೆಲಸ ತಪ್ಪುತ್ತದೆ. ಹೊಸ ಕೋಡ್‌ಗೂ ಅದೇ ಡಿಲೇ ಹಾಕಿ ನೋಡಿ.

ಪ್ರಶ್ನೆ ಕೇಳಿದವರು: ಡಿಲೇ ಹಾಕಿದಾಗ ಹಳೇ ಕೋಡ್ ಒಂದು ನಿಮಿಷವೂ ಬದುಕಲಿಲ್ಲ. ಹೊಸದು ರಾತ್ರಿಯಿಡೀ ಓಡಿದೆ! ಆದರೆ ರಿಸೀವರ್ ಸ್ವಲ್ಪ ಹೊತ್ತು ಆಫ್ ಆಗಿದ್ದರೆ, ಆಮೇಲೆ ನೋಡ್‌ಗಳೇ ಕಳಿಸುವುದು ನಿಲ್ಲಿಸುತ್ತವೆ.

ಉತ್ತರ: ಅದು ಮ್ಯಾಕ್ಸ್-ಆರ್‌ಟಿ ಫ್ಲ್ಯಾಗ್, ಮರುಪ್ರಯತ್ನಗಳ ಮಿತಿ ಮುಗಿಯಿತು ಅನ್ನುವ ಬಿಟ್. ಮರುಪ್ರಯತ್ನಗಳೆಲ್ಲ ಸೋತರೆ ಪ್ಯಾಕೆಟ್ ಟಿಎಕ್ಸ್ ಫೈಫೋದಲ್ಲೇ (ಕಳಿಸಬೇಕಾದ ಪ್ಯಾಕೆಟ್‌ಗಳ ಸಾಲಿನಲ್ಲೇ) ಉಳಿಯುತ್ತದೆ. ಆ ಫ್ಲ್ಯಾಗ್ ಕ್ಲಿಯರ್ ಮಾಡುವವರೆಗೆ ಚಿಪ್ ಮುಂದಿನದನ್ನು ಕಳಿಸುವುದಿಲ್ಲ. ಕ್ಲಿಯರ್ ಮಾಡಿ, ಆ ಪ್ಯಾಕೆಟ್ ಬೇಡವಾದರೆ ಟಿಎಕ್ಸ್ ಫೈಫೋ ಫ್ಲಶ್ (ಖಾಲಿ ಮಾಡುವ ಆದೇಶ) ಕೊಡಿ. ಕ್ಲಿಯರ್ ಮಾಡಲು ಆ ಬಿಟ್‌ಗೆ 1 ಬರೆಯಬೇಕು, ಸೊನ್ನೆ ಅಲ್ಲ.