ಪದಚರ್ಚೆ: ಪೈಥಾನ್ ಓದುವ ‘6 ಕ್ಯಾರೆಕ್ಟರ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಡಿಪ್ಲೊಮಾ ಮಕ್ಕಳಿಗೆ ಅಂತ ನೆಟ್‌ವರ್ಕ್ ಪ್ರೋಗ್ರಾಮಿಂಗ್ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪದ ಸಿಗುತ್ತಿಲ್ಲ.

ಪೈಥಾನ್‌ನಲ್ಲಿ ಸಾಕೆಟ್ (ಇನ್ನೊಂದು ಕಂಪ್ಯೂಟರ್ ಜೊತೆಗಿನ ನೆಟ್‌ವರ್ಕ್ ಸಂಪರ್ಕದ ನಮ್ಮ ಕಡೆಯ ತುದಿ) ಮೇಲೆ ಮೇಕ್‌ಫೈಲ್ ಕರೆದರೆ ಅದನ್ನು ಫೈಲಿನ ಹಾಗೇ ಓದಬಹುದು. ಪೈಥಾನ್ 2ರಲ್ಲಿ ಹೀಗೆ ಓದಿದರೆ ಬರುತ್ತಿದ್ದದ್ದು ಬರೀ ಬೈಟ್‌ಗಳು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಸುಮ್ನೆ ಮೇಕ್‌ಫೈಲ್ ಅಂದರೆ ಪಠ್ಯ ಬರುತ್ತದೆ. ಬೈಟ್ ಬೇಕಿದ್ದರೆ ‘ಆರ್‌ಬಿ’ ಅಂತ ಕೇಳಬೇಕು. ಎನ್‌ಕೋಡಿಂಗ್ (ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಯುಟಿಎಫ್-8 ಅಂತ ನಾವೇ ಹೇಳಿಬಿಡುವುದೂ ಒಳ್ಳೆಯದು.

ಈಗ ಆ ಕಡೆಯಿಂದ ‘ಮೈಸೂರು’ ಅಂತ ಬರುತ್ತಿದೆ ಅನ್ನಿ. ಎಷ್ಟು ಓದಬೇಕು ಅಂತ ರೀಡ್‌ಗೆ 6 ಕೊಟ್ಟರೆ ಪೈಥಾನ್ 2ರಲ್ಲಿ ಸಿಗುವುದು ‘ಮೈ’ ಮಾತ್ರ. ಪೈಥಾನ್ 3ರಲ್ಲಿ ‘ಮೈಸೂರು’ ಪೂರ್ತಿ ಸಿಗುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡ್‌ಗೂ (ಯೂನಿಕೋಡ್ ಪಟ್ಟಿಯಲ್ಲಿ ಒಂದೊಂದು ಲಿಪಿಗುರುತಿಗೆ ಕೊಟ್ಟ ಸಂಖ್ಯೆ) 3 ಬೈಟ್ ಹಿಡಿಯುತ್ತದೆ. ‘ಮೈ’ ಅಂದರೆ ಮಕಾರ, ಐತ್ವ, ಅಲ್ಲಿಗೆ 6 ಬೈಟ್ ಮುಗಿಯಿತು. ಪೈಥಾನ್ 2ರಲ್ಲಿ 4 ಕೊಟ್ಟರಂತೂ ಐತ್ವದ ಮಧ್ಯದಲ್ಲೇ ತುಂಡಾಗುತ್ತದೆ.

ಹಾಗಾದರೆ ಪೈಥಾನ್ 3 ಎಣಿಸಿದ ಆ 6 ಏನು? ಕ್ಯಾರೆಕ್ಟರ್ ಅಂದರೆ ಅಕ್ಷರ ಅಂತ ಬರೆಯುವ ರೂಢಿಯಿದೆ. ಆದರೆ ‘ಮೈಸೂರು’ ಅನ್ನುವುದರಲ್ಲಿ ಎಷ್ಟು ಅಕ್ಷರ ಅಂತ ಯಾವ ಮಗುವನ್ನು ಕೇಳಿದರೂ ಮೂರು ಅನ್ನುತ್ತದೆ, ಅಲ್ವಾ? ಮಗು ಹೇಳಿದ್ದೇ ಸರಿ. ‘6 ಅಕ್ಷರ ಓದು’ ಅಂತ ಬರೆದರೆ ಕನ್ನಡದಲ್ಲಿ ಕಲಿಯುವವರಿಗೇ ಜಾಸ್ತಿ ಗೊಂದಲ. ಕನ್ನಡದಲ್ಲಿ ಪಾಠ ಬರೆಯುವುದೇ ಗೊಂದಲ ಕಡಿಮೆಯಾಗಲಿ ಅಂತ.

‘ವರ್ಣ’ ಅನ್ನಬಹುದೇ ಅಂತ ಗೆಳೆಯರೊಬ್ಬರು ಕೇಳಿದರು. ವ್ಯಾಕರಣದ ಲೆಕ್ಕದಲ್ಲಿ ಮ್, ಐ, ಸ್, ಊ, ರ್, ಉ. ಸರಿಯಾಗಿ 6! ಆದರೆ ‘ಮಂಡ್ಯ’ಕ್ಕೆ ಈ ಲೆಕ್ಕ ಕೂಡುವುದಿಲ್ಲ. ವರ್ಣ ಬಿಡಿಸಿದರೆ ಮ್, ಅ, ಅನುಸ್ವಾರ, ಡ್, ಯ್, ಅ, ಹೀಗೆ 6. ಯೂನಿಕೋಡ್‌ನಲ್ಲಿ ಮ, ಸೊನ್ನೆ, ಡ, ವಿರಾಮ (ಒಳಗಿನ ಅಕಾರ ತೆಗೆಯುವ ಗುರುತು), ಯ, ಬರೀ 5. ಒಳಗಿರುವ ಅಕಾರಕ್ಕೆ ಅಲ್ಲಿ ಬೇರೆ ಕೋಡ್ ಇಲ್ಲ. ವಿರಾಮಕ್ಕೆ ಇದೆ. ನಾವು ಒಂದೇ ಗುರುತಾಗಿ ಬರೆಯುವ ಯ ಒತ್ತು ಅಲ್ಲಿ ಎರಡು ಕೋಡ್. ಹಾಗಾಗಿ ‘ವರ್ಣ’ ಬೇಡ ಅಂತಲೇ ನನ್ನ ಅಭಿಪ್ರಾಯ. ವ್ಯಾಕರಣದಲ್ಲಿ ಗಟ್ಟಿಯಾದ ಅರ್ಥವಿರುವ ಪದವನ್ನು ಇಲ್ಲಿಗೆ ತಂದು ಸಡಿಲ ಮಾಡಬಾರದು.

ಸದ್ಯಕ್ಕೆ ಈ ಒಂದೊಂದು ಕೋಡ್‌ಗೆ ಇಂಗ್ಲಿಷಿನ ‘ಕೋಡ್ ಪಾಯಿಂಟ್’ ಅಂತಲೇ ಇಟ್ಟಿದ್ದೇನೆ. ‘ಬಿಡಿಗುರುತು’ ಅನ್ನುವುದೂ ಮನಸ್ಸಿನಲ್ಲಿದೆ. ಆದರೆ ವಿರಾಮವನ್ನು ಗುರುತು ಅಂದರೆ ಮಕ್ಕಳು ಒಪ್ಪುತ್ತಾರಾ? ತರಗತಿಯಲ್ಲಿ ಇದನ್ನು ಕನ್ನಡದಲ್ಲಿ ಹೇಳಿಕೊಡುವವರು ಯಾವ ಪದ ಬಳಸುತ್ತೀರಿ, ದಯವಿಟ್ಟು ತಿಳಿಸಿ.